ಎರಡನೇ ಕೋಣೆಯ ಬಾಗಿಲು

ಎಲ್ಲಕ್ಕೂ ಮೂಲ ಒಂದು ಲೋಟ ಚಹಾ.

ಜನನ ಮರಣ ನೋಂದಣಿ ಕಚೇರಿಯ ಮುಂದಿನ ಕೋಣೆಯಲ್ಲಿ ಸ್ವಿಚ್ ಬೋರ್ಡು ಒಂದೇ. ಅದರಲ್ಲಿ ಪ್ಲಗ್ ಹಿಡಿಯುವ ಜಾಗ ಮೂರು, ಕೆಲಸ ಮಾಡುವುದು ಒಂದು. ಆ ಒಂದರಲ್ಲಿ ಪ್ರಮಾಣಪತ್ರ ಮುದ್ರಿಸುವ ಯಂತ್ರದ ಪ್ಲಗ್ ಇರುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವಿದ್ದಾಗ ರವಾನೆ ವಿಭಾಗದ ಗುಮಾಸ್ತೆ ಅದನ್ನು ಕಿತ್ತು ತಮ್ಮ ಕೆಟಲ್ಲಿನ ಪ್ಲಗ್ ಸಿಕ್ಕಿಸಿದರು. ಹನ್ನೊಂದು ವರ್ಷದಿಂದ ಅವರು ಇದನ್ನೇ ಮಾಡುತ್ತ ಬಂದಿದ್ದರು. ಅದಕ್ಕೇ ಅವರಿಗೆ ಕೆಟಲ್ ಅಕ್ಕ ಎಂದು ಹೆಸರು. ಆದರೆ ಹನ್ನೊಂದು ವರ್ಷವೂ ಯಂತ್ರ ಶುರುವಾಗುವ ಮೊದಲೇ ಅವರ ನೀರು ಕಾದು ಮುಗಿಯುತ್ತಿತ್ತು. ಅಂದು ಅವರ ಬಸ್ಸು ತಡವಾಯಿತು. ಯಂತ್ರ ಆಗಲೇ ಎದ್ದು ಕೂತು ತನ್ನ ಮೆಮೊರಿ ಕಾರ್ಡಿನಲ್ಲಿ ಏನನ್ನೋ ಬರೆದುಕೊಳ್ಳುತ್ತಿತ್ತು. ಮಾತಿನ ಮಧ್ಯೆ ಯಾರೋ ಬಾಯಿ ಮುಚ್ಚಿಸಿದ ಹಾಗೆ ಕಪ್ಪಾಯಿತು.

"ಹೋಯ್ತಾ?" ಎಂದರು ಕೆಟಲ್ ಅಕ್ಕ.

"ಹೋಯ್ತು," ಎಂದ ಆಪರೇಟರ್.

"ಮತ್ತೆ ಹಾಕಿದ್ರೆ ಬರುತ್ತೆ ಬಿಡು."

ಹಾಕಿದರು. ಬರಲಿಲ್ಲ. ನೀರು ಮಾತ್ರ ಚೆನ್ನಾಗಿ ಕುದಿದಿತ್ತು.

ಹೊರಗೆ ಮೆಟ್ಟಿಲ ಮೇಲೆ ಹನ್ನೆರಡು ಮಂದಿ ಕಾಯುತ್ತಿದ್ದರು. ಈ ಕಚೇರಿಗೆ ಬರುವವರಲ್ಲಿ ಎರಡು ಬಗೆ. ಜನನದವರು ಗದ್ದಲ ಮಾಡುತ್ತಾರೆ, ಮರಣದವರು ಗೋಡೆಗೆ ಒರಗುತ್ತಾರೆ. ಅಂದು ಒರಗಿದವರೇ ಹೆಚ್ಚು.

ಆಪರೇಟರನಿಗೂ ಆ ಯಂತ್ರದಿಂದ ಅಂದು ಒಂದು ಹಾಳೆ ಬೇಕಾಗಿತ್ತು. ಅವನ ವರ್ಗಾವಣೆ ಅರ್ಜಿ ಸಾಹೇಬರ ಮೇಜಿನ ಮೇಲಿತ್ತು. ಉದ್ಯಾನ ವಿಭಾಗದಲ್ಲಿ ಗಿಡಮರಗಳ ದಾಖಲೆ ಇಡಲು ಒಬ್ಬರು ಬೇಕಾಗಿದ್ದರು. ಅಲ್ಲಿ ಗಿಡ ಒಣಗಿದರೆ ಅದರ ಸಂಖ್ಯೆಯ ಮೇಲೆ ಒಂದು ಗೀಟು ಎಳೆದರೆ ಆಯಿತು. ಗಿಡದ ಮಗನೋ ಸೊಸೆಯೋ ಬಂದು ಕಿಟಕಿಯ ಮುಂದೆ ಕಣ್ಣೊರೆಸಿಕೊಳ್ಳುವುದಿಲ್ಲ. ಪತ್ನಿ ತೀರಿಕೊಂಡ ನೌಕರರಿಗೆ ಆ ಜಾಗದಲ್ಲಿ ಮೊದಲ ಅವಕಾಶವೆಂದು ಸುತ್ತೋಲೆ ಬಂದಿತ್ತು. ಅರ್ಜಿಗೆ ಪತ್ನಿಯ ಮರಣ ಪ್ರಮಾಣಪತ್ರ ಲಗತ್ತಿಸಬೇಕು. ಇಂದೇ ಕೊನೆಯ ದಿನ. ಸಂಜೆ ಐದೂಕಾಲಿಗೆ ಸಾಹೇಬರು ತಾವೇ ಕಡತವನ್ನು ಕೇಂದ್ರ ಕಚೇರಿಗೆ ಒಯ್ಯುವವರಿದ್ದರು.

ಅವನ ಹೆಂಡತಿ ಹೋಗಿ ನಾಲ್ಕು ತಿಂಗಳಾಗಿತ್ತು. ಆಸ್ಪತ್ರೆಯವರು ಕೊಟ್ಟ ನಮೂನೆ ಅವನ ಮೇಜಿನ ಖಾನೆಯಲ್ಲೇ ಉಳಿದಿತ್ತು. ಪರರ ಸಾವುಗಳನ್ನು ದಿನಕ್ಕೆ ಹತ್ತು ಹನ್ನೆರಡರಂತೆ ಟೈಪು ಮಾಡುವವನಿಗೆ ಅದೊಂದನ್ನು ಮಾಡಲಾಗಲಿಲ್ಲ. ಕೊನೆಗೆ ಕಳೆದ ಶನಿವಾರ ಮಾಡಿದ. ಹೆಸರು, ವಯಸ್ಸು, ಗಂಡನ ಹೆಸರು. ಗಂಡನ ಹೆಸರು ಬರೆಯುವಾಗ ಎರಡು ಸಲ ತಪ್ಪಿ ತಿದ್ದಿದ. ಮುದ್ರಿಸುವುದೊಂದು ಉಳಿಯಿತು. ಸೋಮವಾರ ಅಂದುಕೊಂಡ. ಮಂಗಳವಾರ ಅಂದುಕೊಂಡ. ಇಂದು ಶುಕ್ರವಾರ.

ಕೇಂದ್ರ ಕಚೇರಿಯ ತಂತ್ರಜ್ಞ ಫೋನಿನಲ್ಲಿ ಸಿಕ್ಕಾಗ ಹತ್ತೂಮುಕ್ಕಾಲು. ಆತ ಬಾಯಲ್ಲಿ ಏನನ್ನೋ ಅಗಿಯುತ್ತಲೇ ಮಾತಾಡುವವ. ಸಾಹೇಬರು ಎಲ್ಲರಿಗೂ ಕೇಳಲೆಂದು ಫೋನನ್ನು ಮೇಜಿನ ಮಧ್ಯೆ ಇಡಿಸಿದರು.

"ಕಾರ್ಡಿನಲ್ಲಿ ಎರಡು ಪಾರ್ಟಿಷನ್ ಇದೆ. ಎರಡು ಕೋಣೆ ಅಂದ್ಕೊಳ್ಳಿ. ಮೊದಲನೇದರಲ್ಲಿ ಯಂತ್ರದ ಪ್ರೋಗ್ರಾಂ, ಎರಡನೇದರಲ್ಲಿ ನಿಮ್ಮ ರಿಜಿಸ್ಟರು. ಕೆಟ್ಟಿರೋದು ಮೊದಲನೇದು. ಒಳಗೆ ಲಿನಕ್ಸ್ ಕಂಪ್ಯೂಟರ್ ಇದೆಯಲ್ಲ, ಅದರಲ್ಲಿ ಕಾರ್ಡನ್ನ ಇದ್ದ ಹಾಗೇ ಒಂದು ಇಮೇಜ್ ಫೈಲ್ ಮಾಡಿಟ್ಕೊಳ್ಳಿ. ಇಡೀ ಕಾರ್ಡಿನ ಪಡಿಯಚ್ಚು ಅದು, ಜೋಪಾನ. ಆಮೇಲೆ ಹೊಸದಾಗಿ ಖಾಲಿ ಇಮೇಜ್ ಮಾಡಿ ಎರಡು ಪಾರ್ಟಿಷನ್ ಮಾಡಿ. ಮೊದಲನೇದಕ್ಕೆ ನಾನು ಕಳಿಸೋ ಪ್ರೋಗ್ರಾಂ ತಾನಾಗಿ ಕೂರುತ್ತೆ. ಎರಡನೇದಕ್ಕೆ ನೀವು ಫೈಲ್ ಸಿಸ್ಟಮ್ ಹಾಕಿ, ಅಂದ್ರೆ ಇದ್ದದ್ದೆಲ್ಲ ಅಳಿಸಿ ಖಾಲಿ ಕಪಾಟು ಜೋಡಿಸಿ, ಹಳೇ ಇಮೇಜಿಂದ ರಿಜಿಸ್ಟರು ತಂದು ಸುರೀರಿ. ಹೊಸ ಇಮೇಜನ್ನ ಕಾರ್ಡಿಗೆ ಬರೆದ್ರೆ ಮುಗೀತು. ಅರ್ಧ ಗಂಟೆ ಕೆಲಸ."

"ಬೇರೆ ಕಾರ್ಡಿಗೆ ಬರೆಯೋದಾ?" ಎಂದು ಆಪರೇಟರ್ ಕೇಳಿದ.

"ಇದ್ರೆ ಒಳ್ಳೇದು."

ಇರಲಿಲ್ಲ. ಇನ್ನೊಂದು ಕಾರ್ಡು ಬೇಕೆಂಬ ಪತ್ರ ಎರಡು ವರ್ಷದಿಂದ ಮೇಲಿನ ಕಚೇರಿಗೂ ಕೆಳಗಿನ ಕಚೇರಿಗೂ ಓಡಾಡುತ್ತ ಅರ್ಧ ಸವೆದಿತ್ತು.

"ಏನೂ ಚಿಂತೆ ಬೇಡ. ದಿನಾ ನಕಲು ತೆಗೀತೀರಲ್ಲ?" ಎಂದಿತು ಫೋನು.

"ತೆಗೀದೆ ಏನ್ರೀ!" ಎಂದರು ಸಾಹೇಬರು. "ಪುಸ್ತಕವೇ ಇದೆ. ದಿನಕ್ಕೆ ಮೂರು ಸಹಿ."

ಪುಸ್ತಕ ನಿಜವಾಗಿಯೂ ಇತ್ತು. ಪ್ರತಿ ಸಂಜೆ 'ರಿಜಿಸ್ಟರಿನ ನಕಲು ತೆಗೆಯಲಾಗಿದೆ' ಎಂದು ಬರೆದು ಮೊದಲು ಆಪರೇಟರ್, ಆಮೇಲೆ ಹೆಡ್ ಕ್ಲರ್ಕ್, ಆಮೇಲೆ ಸಾಹೇಬರು ಸಹಿ ಹಾಕುತ್ತಿದ್ದರು. ಓದಿ ಸಹಿ ಹಾಕುವುದು ಸಹೋದ್ಯೋಗಿಯ ಮೇಲೆ ಅಪನಂಬಿಕೆ ತೋರಿಸಿದಂತೆ ಎಂಬುದು ಆ ಕಚೇರಿಯ ಸಂಪ್ರದಾಯ. ಆಪರೇಟರ್ ತನ್ನ ಚಪ್ಪಲಿಯ ಉಂಗುಟ ನೋಡುತ್ತ ನಿಂತ. ನಕಲಾಗಲು ಹತ್ತು ನಿಮಿಷ ಬೇಕು. ನಾಲ್ಕು ತಿಂಗಳ ಹಿಂದೆ ಒಂದು ಸಂಜೆ ಆ ಹತ್ತು ನಿಮಿಷ ಸುಮ್ಮನೆ ಕೂತಿದ್ದಾಗಲೇ ಆಸ್ಪತ್ರೆಯಿಂದ ಕರೆ ಬಂದಿತ್ತು. ಆಮೇಲೆ ಆ ಹತ್ತು ನಿಮಿಷ ಕೂರಲು ಅವನಿಂದ ಆಗಿರಲಿಲ್ಲ. ಪುಸ್ತಕದಲ್ಲಿ ಬರೆಯುತ್ತಿದ್ದ, ಸಹಿ ಹಾಕುತ್ತಿದ್ದ, ಬೀಗ ಹಾಕಿಕೊಂಡು ಹೋಗುತ್ತಿದ್ದ.

'ಹಳೇ ಕಾರ್ಡು ಇದೆಯಲ್ಲ, ಅದರಿಂದ ಬರುತ್ತೆ,' ಎಂದುಕೊಂಡ.

ಒಳಗಿನ ಕೋಣೆಗೆ ಹೋಗುವ ಮೊದಲು ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ 'ಈ ಪ್ಲಗ್ ಕೀಳಬಾರದು' ಎಂದು ಬರೆದು ಬೋರ್ಡಿಗೆ ಅಂಟಿಸಲು ಹೋದ. ಹೆಡ್ ಕ್ಲರ್ಕ್ ತಡೆದರು.

"ಸಾಹೇಬರ ಸಹಿ ಇಲ್ಲದೆ ಗೋಡೆ ಮೇಲೆ ಆದೇಶ ಅಂಟಿಸೋ ಹಾಗಿಲ್ಲ ಆಪರೇಟ್ರೇ. ಕೊಡಿ ಇಲ್ಲಿ, ಮಂಡಿಸ್ತೀನಿ."

ಹಾಳೆ ಸಾಹೇಬರ ಮೇಜಿಗೆ ಹೋಗಿ ಒಂದು ಕಡತದ ಕೆಳಗೆ ಮಲಗಿತು.

ಹಳೆಯ ಕಾರ್ಡಿನ ಇಮೇಜ್ ತೊಂದರೆಯಿಲ್ಲದೆ ಆಯಿತು. ಹೊಸ ಖಾಲಿ ಇಮೇಜನ್ನೂ ಮಾಡಿ ಎರಡು ಪಾರ್ಟಿಷನ್ ಹಾಕಿದ. ಒಂದು ಫೈಲನ್ನು ನಿಜವಾದ ಡಿಸ್ಕೇ ಎಂದು ಕಂಪ್ಯೂಟರಿಗೆ ನಂಬಿಸಲು ಲಿನಕ್ಸಿನಲ್ಲಿ ಲೂಪ್ ಎಂಬ ಉಪಾಯವಿದೆ. ಜೋಡಿಸಿದ ಫೈಲಿಗೆ ಒಂದು ಸಂಖ್ಯೆ ಸಿಗುತ್ತದೆ, ಎಣಿಕೆ ಸೊನ್ನೆಯಿಂದ ಶುರು. ಅವನ ಹೊಸ ಇಮೇಜಿಗೆ ಲೂಪ್ ಸೊನ್ನೆ ಸಿಕ್ಕಿತು. ಅದರ ಎರಡನೇ ಪಾರ್ಟಿಷನ್ನಿಗೆ ಸೊನ್ನೆ ಪಿ ಎರಡು ಎಂದು ಹೆಸರು. ಅದರಲ್ಲಿ ಫೈಲ್ ಸಿಸ್ಟಮ್ ಮಾಡು ಎಂದು ಆಜ್ಞೆ ಕೊಟ್ಟ.

ಕಂಪ್ಯೂಟರ್ ಹೇಳಿದ್ದರ ಸಾರ ಇಷ್ಟು: ಅಂಥದ್ದು ಇಲ್ಲ. ಅದರ ಗಾತ್ರವನ್ನೂ ನೀನು ಹೇಳಿಲ್ಲ.

"ಇಲ್ಲದೇ ಇರೋದಕ್ಕೆ ಗಾತ್ರ ಎಂಥದ್ದು?" ಎಂದರು ಬೆನ್ನ ಹಿಂದಿನಿಂದ ಹೆಡ್ ಕ್ಲರ್ಕ್. ಯಾವಾಗ ಬಂದು ನಿಂತರೋ. ಅವರ ಹಿಂದೆ ಲೋಟ ಹಿಡಿದ ಕೆಟಲ್ ಅಕ್ಕ.

"ಪಾರ್ಟಿಷನ್ ಮಾಡಿದೀನಿ. ಪಟ್ಟಿಯಲ್ಲಿ ಎರಡೂ ಕಾಣ್ತಿದೆ. ಒಳಗೆ ಹೋಗೋಕೆ ಹೋದ್ರೆ ಇಲ್ಲ ಅನ್ನುತ್ತೆ."

"ನಮ್ಮನೆ ಕೇಸಿನ ಹಾಗೇ ಆಯ್ತು," ಎಂದರು ಹೆಡ್ ಕ್ಲರ್ಕ್. ಅವರ ಮನೆ ಮೂವರು ಅಣ್ಣತಮ್ಮಂದಿರಲ್ಲಿ ಪಾಲಾಗುತ್ತ ಹದಿನಾಲ್ಕು ವರ್ಷವಾಗಿತ್ತು. ಹವಾಮಾನದ ಬಗ್ಗೆ ಕೇಳಿದರೂ ಉತ್ತರ ಆ ಕೇಸಿನಿಂದಲೇ ಬರುತ್ತಿತ್ತು. "ಕಾಗದದಲ್ಲಿ ಪಾಲು ಇದೆ, ಕಾಲಿಡೋಕೆ ಇಲ್ಲ. ಪಾಲು ಗೀಲು ಬಿಡಿ, ಇಡೀ ಮನೆಗೆ ಒಟ್ಟಿಗೆ ಮಾಡಿಬಿಡಿ ಅತ್ಲಾಗೆ."

"ಹಾಗೆ ಮಾಡಬಾರದು."

"ಮಾಡಿ ನೋಡು ತಮ್ಮಾ," ಎಂದರು ಕೆಟಲ್ ಅಕ್ಕ. "ಹೊರಗೆ ಜನ ಪಾಪ ಕಾಯ್ತಿದಾರೆ."

ಕಿಟಕಿಯ ಸರಳುಗಳ ಆಚೆ ಒಬ್ಬ ಅಜ್ಜಿ ಮುಖವಿಟ್ಟುಕೊಂಡು ನಿಂತಿದ್ದರು. ಅವರ ಯಜಮಾನರು ಹೋದ ತಿಂಗಳು ತೀರಿಕೊಂಡಿದ್ದರು. "ಆಯ್ತಾ ಮಗಾ?" ಎಂದರು.

ಆಪರೇಟರ್ ಇಡೀ ಲೂಪ್ ಸೊನ್ನೆಯ ಮೇಲೆ ಆಜ್ಞೆ ಕೊಟ್ಟ. ಕಂಪ್ಯೂಟರಿಗೆ ಅವರೆಲ್ಲರಿಗಿಂತ ಹೆಚ್ಚು ಜವಾಬ್ದಾರಿಯಿತ್ತು. ಇಲ್ಲೊಂದು ಪಾರ್ಟಿಷನ್ ಪಟ್ಟಿ ಇದೆ, ಅಳಿಸಿಹೋಗುತ್ತದೆ, ಮುಂದುವರಿಯಲೇ, ಎಂದು ಕೇಳಿತು. ಹೌದಾದರೆ ವೈ ಒತ್ತಬೇಕು.

"ಏನಂತೆ?" ಎಂದರು ಹೆಡ್ ಕ್ಲರ್ಕ್.

"ಮುಂದುವರಿಯಲೇ ಅಂತ."

"ಹಿಂದೆ ಹೋಗೋಕೆ ಬಂದಿದೀವಾ? ಹೌದು ಅನ್ರೀ."

ಒತ್ತಿದ. ಸರಸರನೆ ಸಾಲುಗಳು ಓಡಿ ಕೊನೆಗೆ 'ಮುಗಿಯಿತು' ಎಂದು ಬಂತು. ಕೆಟಲ್ ಅಕ್ಕ ಲೋಟವನ್ನು ಮೇಜಿಗೆ ಕುಟ್ಟಿ ಸಂತೋಷಪಟ್ಟರು. ಸುದ್ದಿ ಕೇಳಿ ಸಾಹೇಬರು ಒಳಗೆ ಬಂದರು.

"ಮುಗೀತಾ? ಕಾರ್ಡಿಗೆ ಬರೀರಿ. ಹೊರಗಿನವರಿಗೆ ಏನಾದ್ರೂ ತೋರಿಸಬೇಕು."

"ಸರ್, ಇದರಲ್ಲಿ ಇನ್ನೂ ರಿಜಿಸ್ಟರೇ ಹಾಕಿಲ್ಲ. ಕಾರ್ಡಿನಲ್ಲಿ ಹಳೇದು ಇದೆ, ಬರೆದ್ರೆ ಅಳಿಸಿಹೋಗುತ್ತೆ."

"ಹಳೇದರ ಪಡಿಯಚ್ಚು ಇಟ್ಕೊಂಡಿದೀರೋ ಇಲ್ವೋ?"

"ಇದೆ ಸರ್."

"ಮತ್ತೇನ್ರೀ ಭಯ? ಪರೀಕ್ಷೆ ಮಾಡದೆ ಗೊತ್ತಾಗೋದು ಹೇಗೆ? ಬರೀರಿ."

ಬರೆದ. ಕಾರ್ಡನ್ನು ಯಂತ್ರಕ್ಕೆ ಹಾಕಿದರು. ಯಂತ್ರ ಒಮ್ಮೆ ಕಣ್ಣು ಬಿಟ್ಟು, ಬೇಡದ ಸಂಬಂಧಿಯನ್ನು ಕಂಡ ಹಾಗೆ ಮತ್ತೆ ಮುಚ್ಚಿಕೊಂಡಿತು. ಕೋಣೆಗಳ ನಡುವಿನ ಗೋಡೆಯೇ ಇಲ್ಲದ ಮನೆಯಲ್ಲಿ ಪ್ರೋಗ್ರಾಂ ಎಲ್ಲಿ ಕೂರಬೇಕು?

ಈಗ ನಾಲ್ಕು ತಿಂಗಳ ಸಾವುಗಳೆಲ್ಲ ಒಳಗಿನ ಕಂಪ್ಯೂಟರಿನ ಒಂದೇ ಫೈಲಿನಲ್ಲಿ ಉಳಿದಿದ್ದವು. ಅವುಗಳಲ್ಲಿ ಅವನ ಹೆಂಡತಿಯದೂ ಒಂದು.

ಮಧ್ಯಾಹ್ನ ಅದೇ ಆಟದಲ್ಲಿ ಹೋಯಿತು. ಮೊದಲಿನಿಂದ ಖಾಲಿ ಇಮೇಜ್ ಮಾಡುವುದು, ಪಾಲು ಮಾಡುವುದು, ಲೂಪ್ ಸೊನ್ನೆಗೆ ಜೋಡಿಸುವುದು, ಸೊನ್ನೆ ಪಿ ಎರಡು ಎಲ್ಲಿ ಎಂದು ಕೇಳುವುದು, ಇಲ್ಲ ಎನ್ನಿಸಿಕೊಳ್ಳುವುದು. ತಂತ್ರಜ್ಞನಿಗೆ ಫೋನು ಮಾಡಿದರೆ "ಬಿಚ್ಚಿ ಮತ್ತೆ ಜೋಡಿಸಿ" ಎಂದ. ಬಿಚ್ಚಿ ಜೋಡಿಸಿದರೂ ಇಲ್ಲ. ಇನ್ನೊಮ್ಮೆ ಮಾಡಿದರೆ ಆತ ಊಟಕ್ಕೆ ಹೋಗಿದ್ದ. ಅಷ್ಟು ಹೊತ್ತು ಅಗಿದದ್ದು ಏನು ಹಾಗಾದರೆ ಎಂದು ಕೆಟಲ್ ಅಕ್ಕ ಕೇಳಿದರು. ಪ್ರತಿ ಸಲ ಹೊಸದಾಗಿ ಶುರು ಮಾಡುವಾಗಲೂ ಕಂಪ್ಯೂಟರ್ ತಪ್ಪದೆ ಕೇಳುತ್ತಿತ್ತು: ಇಲ್ಲಿ ಹಿಂದಿನ ಗುರುತುಗಳಿವೆ, ಮುಂದುವರಿಯಲೇ? ಪ್ರತಿ ಸಲ ಹಿಂದಿನಿಂದ ಮೂವರು ಒಟ್ಟಿಗೆ "ಹೌದು ಅನ್ರೀ" ಎನ್ನುತ್ತಿದ್ದರು. ಮೂರು ಗಂಟೆಯ ಹೊತ್ತಿಗೆ ಅವರು ಹೇಳಬೇಕಾಗಿಯೂ ಇರಲಿಲ್ಲ. ಪ್ರಶ್ನೆ ತೆರೆಯ ಮೇಲೆ ಪೂರ್ತಿ ಮೂಡುವ ಮೊದಲೇ ಅವನ ಬೆರಳು ವೈ ಮೇಲೆ ಇರುತ್ತಿತ್ತು.

"ಆಯ್ತಾ ಮಗಾ?" ಎಂದರು ಕಿಟಕಿಯ ಅಜ್ಜಿ.

"ಆಗ್ತಾ ಇದೆ ಅಜ್ಜಿ."

"ಅವರೂ ಹಿಂಗೇ. ಆಗ್ತಾ ಇದೆ, ಆಗ್ತಾ ಇದೆ ಅಂತಾನೇ ಹೋದ್ರು."

ಹೆಡ್ ಕ್ಲರ್ಕ್ ಕುರ್ಚಿ ಎಳೆದು ಕೂತರು. "ನೋಡಿ ಆಪರೇಟ್ರೇ, ನಮ್ಮ ಕೇಸಲ್ಲಿ ಮೊದಲನೇ ತೀರ್ಪು ಬಂದಾಗ ಏನಾಯ್ತು ಗೊತ್ತಾ? ನನಗೆ ಹಿಂದಿನ ಕೋಣೆ ಬಂತು. ಗೋಡೆ ಎಬ್ಬಿಸಿದ್ರು. ಬಾಗಿಲು ಇಡೋದು ಮರೆತ್ರು. ಕೋಣೆ ನಂದು, ಹೋಗೋಕೆ ದಾರಿ ಇಲ್ಲ. ಮೂರು ವರ್ಷ ಅಣ್ಣನ ಕಿಟಕಿ ಹತ್ತಿ ಇಳೀತಿದ್ದೆ. ಅತ್ತಿಗೆ ಬೈಯೋರು. ಪಾಲು ಮಾಡಿದ್ರೆ ಸಾಲದು ಕಣ್ರೀ, ಪ್ರತಿಯೊಂದಕ್ಕೂ ಬಾಗಿಲು ಇಡಿ ಅಂತ ಬೇರೆಯಾಗಿ ಹೇಳಬೇಕು. ಹೇಳದೇ ಇದ್ರೆ ಯಾರೂ ಇಡಲ್ಲ."

ಆಪರೇಟರ್ ತಿರುಗಿ ಅವರ ಮುಖ ನೋಡಿದ. ಹದಿನಾಲ್ಕು ವರ್ಷದಲ್ಲಿ ಆ ಕೇಸಿನಿಂದ ಯಾರಿಗಾದರೂ ಉಪಕಾರವಾದದ್ದು ಅದೇ ಮೊದಲು. ಲೂಪಿನ ಕೈಪಿಡಿ ತೆರೆದು ಒಂದೊಂದೇ ಸಾಲು ಬೆರಳಿಟ್ಟು ಓದಿದ. ನಡುವಿನಲ್ಲಿತ್ತು. ಜೋಡಿಸುವಾಗ ಒಂದು ಅಡ್ಡಗೆರೆ, ಒಂದು ದೊಡ್ಡ ಪಿ ಸೇರಿಸಿದರೆ ಒಳಗಿನ ಪಾರ್ಟಿಷನ್ನುಗಳನ್ನು ಹುಡುಕಿ ಒಂದೊಂದಕ್ಕೂ ಬೇರೆ ಹೆಸರು ಕೊಡುತ್ತದೆ. ಸೇರಿಸದಿದ್ದರೆ ಕೊಡುವುದಿಲ್ಲ. ಅಷ್ಟೇ.

ಹೊಸ ಇಮೇಜನ್ನು ಬಿಚ್ಚಿ ದೊಡ್ಡ ಪಿ ಸೇರಿಸಿ ಜೋಡಿಸಿದ. ಸೊನ್ನೆ ಪಿ ಒಂದು. ಸೊನ್ನೆ ಪಿ ಎರಡು. ಎರಡು ಬಾಗಿಲು, ಪಕ್ಕಪಕ್ಕದಲ್ಲಿ.

ನಾಲ್ಕು ತಿಂಗಳಲ್ಲಿ ಅವನು ನಕ್ಕಿರಲಿಲ್ಲ. ಈಗಲೂ ನಗಲಿಲ್ಲ, ಆದರೆ ಕೆನ್ನೆಗೆ ಆ ಕೆಲಸ ನೆನಪಾದ ಹಾಗಾಯಿತು. ಗಂಟೆ ಮೂರೂವರೆ. ಇನ್ನು ಫೈಲ್ ಸಿಸ್ಟಮ್ಮು, ರಿಜಿಸ್ಟರು, ಕಾರ್ಡು, ಒಂದು ಹಾಳೆ. ಗಿಡಗಳು.

"ಸಾಹೇಬ್ರೇ, ಸಿಕ್ತು!" ಎಂದು ಕೂಗುತ್ತ ಹೋದವರು ಹೆಡ್ ಕ್ಲರ್ಕ್. "ನಾನು ಹೇಳಿಕೊಟ್ಟೆ."

ಸಾಹೇಬರು ಬಂದರು. "ಬಿಚ್ರೀ ಎಲ್ಲ. ನನ್ನ ಮುಂದೆ ಮೊದಲಿಂದ ಮಾಡಿ ತೋರಿಸಿ. ನಾಳೆ ಕೇಂದ್ರದವರು ಕೇಳಿದ್ರೆ ನಾನು ಖುದ್ದು ನಿಂತು ಮಾಡಿಸಿದೆ ಅನ್ನಬೇಕು."

"ಸರ್, ಎಲ್ಲ ಜೋಡಿಸಿ ಆಗಿದೆ..."

"ಬಿಚ್ರೀ."

ಬಿಚ್ಚಿದ. ಇನ್ನು ಎರಡನ್ನೂ ಜೋಡಿಸಬೇಕಿತ್ತು. ಹೊಸದು, ರಿಜಿಸ್ಟರು ಸುರಿಯಲು. ಹಳೆಯದು, ರಿಜಿಸ್ಟರು ತೆಗೆಯಲು. ಯಾವುದು ಮೊದಲು ಎಂದು ಒಂದು ಗಳಿಗೆ ಕೈ ತಡೆಯಿತು.

"ಹಳೇದನ್ನ ಮೊದಲು ಕೂರಿಸು ತಮ್ಮಾ, ಹಿರಿದಲ್ವಾ," ಎಂದರು ಕೆಟಲ್ ಅಕ್ಕ.

ಅದರಲ್ಲೇನು ಬಂತು ಎಂದು ಹಳೆಯದನ್ನೇ ಮೊದಲು ಜೋಡಿಸಿದ. ಆಮೇಲೆ ಹೊಸದನ್ನು. ಎರಡಕ್ಕೂ ಬಾಗಿಲುಗಳು ಬಂದವು. ಸಾಹೇಬರು ಬಗ್ಗಿ ನೋಡಿ, ಅರ್ಥವಾದವರಂತೆ ಮೂಗಿನಲ್ಲಿ ಸದ್ದು ಮಾಡಿದರು.

"ಹೂಂ, ಮುಂದೆ?"

ಮುಂದಿನದನ್ನು ಅವನ ತಲೆ ಯೋಚಿಸಲಿಲ್ಲ, ಬೆರಳುಗಳೇ ಬರೆದವು. ಬೆಳಿಗ್ಗೆಯಿಂದ ಇಪ್ಪತ್ತು ಸಲ ಬರೆದ ಅದೇ ಸಾಲು. ಸೊನ್ನೆ ಪಿ ಎರಡು, ಫೈಲ್ ಸಿಸ್ಟಮ್ ಮಾಡು. ಪ್ರಶ್ನೆ ಬಂತು. ಬೆರಳು ವೈ ಒತ್ತಿತು. ಸಾಲುಗಳು ಓಡಿದವು. ಮುಗಿಯಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಕಿಟಕಿಯ ಅಜ್ಜಿ ಕೂಡ ಸರಳುಗಳ ಆಚೆಯಿಂದ ತಟ್ಟಿದರು. ಆಗ ಆಪರೇಟರ್ ತಾನು ಉತ್ತರ ಕೊಟ್ಟಾಗಿದ್ದ ಪ್ರಶ್ನೆಯನ್ನು ಓದಿದ. ಇಲ್ಲಿ ಆಗಲೇ ಒಂದು ಫೈಲ್ ಸಿಸ್ಟಮ್ ಇದೆ. ಹೆಸರು, ರಿಜಿಸ್ಟರ್. ಕೊನೆಯ ಬಳಕೆ, ಇಂದು ಬೆಳಿಗ್ಗೆ. ಮುಂದುವರಿಯಲೇ?

ಸೊನ್ನೆ ಈಗ ಹೊಸದರ ಸಂಖ್ಯೆ ಆಗಿರಲಿಲ್ಲ. ಮೊದಲು ಕೂತದ್ದು ಹಳೆಯದು.

ಚಪ್ಪಾಳೆ ನಿಲ್ಲುವವರೆಗೆ ಅವನು ಕಾದ.

"ಸರ್, ರಿಜಿಸ್ಟರು ಹೋಯ್ತು."

"ಎಲ್ಲಿಗೆ?" ಎಂದರು ಸಾಹೇಬರು.

ವಿವರಿಸಿದ. ಹೆಡ್ ಕ್ಲರ್ಕ್ ಕೆಟಲ್ ಅಕ್ಕನ ಕಡೆ ನೋಡಿದರು. ಕೆಟಲ್ ಅಕ್ಕ ಲೋಟದೊಳಗೆ ನೋಡಿದರು. ಸಾಹೇಬರು ಮಾತ್ರ ಧೈರ್ಯ ಬಿಡಲಿಲ್ಲ. "ನಕಲು ಇದೆಯಲ್ರೀ! ನಿನ್ನೆ ಸಂಜೆದು. ಹಾಕಿ ಅದನ್ನ. ಇವತ್ತಿನದು ತಾನೇ ಹೋಗಿರೋದು, ಇವತ್ತು ಏನೂ ಬರೆದೇ ಇಲ್ಲ."

ಆಪರೇಟರ್ ಮೇಜಿನ ಖಾನೆ ಎಳೆದು ನಕಲಿನ ಪೆನ್ ಡ್ರೈವ್ ತೆಗೆದ. ಅದರ ಮೇಲೆ ಧೂಳು ಕೂತಿತ್ತು. ಹೇಳಬೇಕೆಂದು ಬಾಯಿ ತೆರೆದ. ಹೇಳುವ ಮಾತು ನಾಲ್ಕು ತಿಂಗಳಷ್ಟು ಉದ್ದವಿದ್ದುದರಿಂದ ಮುಚ್ಚಿಕೊಂಡ. ಈ ಸಲ ಸರಿಯಾದ ಸಂಖ್ಯೆ ಬರೆದ, ಒಂದು ಪಿ ಎರಡು. ಪೆನ್ ಡ್ರೈವಿನಲ್ಲಿದ್ದುದನ್ನು ಸುರಿದ. ಹತ್ತು ನಿಮಿಷ ಬೇಕಾಯಿತು. ಆ ಹತ್ತು ನಿಮಿಷವೂ ಅವನು ಎದ್ದು ನಿಂತೇ ಇದ್ದ.

ಹೊಸ ಇಮೇಜನ್ನು ಕಾರ್ಡಿಗೆ ಬರೆದು ಹಾಕಿದ ಮೇಲೆ ನಾಲ್ಕೂವರೆಗೆ ಯಂತ್ರ ಎದ್ದಿತು. ಹಸಿರು ದೀಪ, ಮುದ್ರಕದ ಗೊರಗೊರ, ಎಲ್ಲ ಮೊದಲಿನ ಹಾಗೆ. ಅಜ್ಜಿಯನ್ನೇ ಮೊದಲು ಕರೆದರು. ಯಜಮಾನರ ಹೆಸರು ಟೈಪು ಮಾಡಿದ. ದಾಖಲೆ ಇಲ್ಲ ಎಂದಿತು.

"ಇಲ್ಲ ಅಂದ್ರೆ?" ಎಂದರು ಅಜ್ಜಿ.

"ಅಂದ್ರೆ... ಅವರು ಸತ್ತಿರೋದು ಇದರಲ್ಲಿ ಇಲ್ಲ."

ಅಜ್ಜಿ ಸ್ವಲ್ಪ ಯೋಚಿಸಿದರು. "ಬದುಕಿದ್ರೆ ಒಂದು ತಿಂಗಳಿಂದ ನನ್ನ ಮೇಲೆ ರೇಗದೇ ಇರ್ತಿದ್ರಾ ಮಗಾ? ಸರಿಯಾಗಿ ನೋಡು."

ಎರಡನೆಯವರದೂ ಇಲ್ಲ. ಮೂರನೆಯವರದೂ ಇಲ್ಲ. ಆ ಯಂತ್ರದ ಲೆಕ್ಕದಲ್ಲಿ ನಾಲ್ಕು ತಿಂಗಳಿಂದ ಯಾರೂ ಸತ್ತಿರಲಿಲ್ಲ. ಹುಟ್ಟಿಯೂ ಇರಲಿಲ್ಲ. ಸಾಹೇಬ‌ರು ನಕಲಿನ ಪುಸ್ತಕವನ್ನು ತರಿಸಿ, ಜೀವಮಾನದಲ್ಲಿ ಮೊದಲ ಸಲ ಓದಿದರು. ಆಪರೇಟರ್ ಎಲ್ಲವನ್ನೂ ಒಪ್ಪಿಕೊಂಡ.

"ನಿಮ್ಮ ಮೇಲೆ ವರದಿ ಬರೀತೀನಿ! ನೂರಿಪ್ಪತ್ತು ದಿನ ಸುಳ್ಳು ಸಹಿ ಹಾಕಿದೀರಿ..." ಎಂದು ಶುರು ಮಾಡಿದವರು ಆ ಸಹಿಯ ಪಕ್ಕದ ಸಹಿಯನ್ನೂ, ಅದರ ಪಕ್ಕದ ಸಹಿಯನ್ನೂ ಕಂಡು ನಿಧಾನವಾದರು. ಮೂರನೆಯದು ಉಳಿದೆರಡಕ್ಕಿಂತ ದೊಡ್ಡದಾಗಿ, ಕೆಳಗೆ ಎರಡು ಗೆರೆ ಎಳೆದು ಹಾಕಿದ್ದಿತ್ತು. ಹೆಡ್ ಕ್ಲರ್ಕ್ ಕೆಮ್ಮಿದರು.

"ಈ ವಿಷಯ ಈ ಕೋಣೆಯಲ್ಲೇ ಇರಲಿ," ಎಂದು ಸಾಹೇಬರು ಪುಸ್ತಕ ಮುಚ್ಚಿದರು. "ನಮೂನೆಗಳ ಕಟ್ಟು ಇದೆಯಲ್ಲ, ಸೋಮವಾರದಿಂದ ಎಲ್ಲ ಮತ್ತೆ ಟೈಪ್ ಮಾಡಿ."

ಜನರನ್ನು ಸೋಮವಾರ ಬನ್ನಿ ಎಂದು ಕಳಿಸಿದರು. ಮರಣದವರು ಗೋಡೆ ಬಿಟ್ಟು ಸುಮ್ಮನೆ ಮೆಟ್ಟಿಲಿಳಿದರು. ಗಂಟೆ ಐದು.

ಸಾಹೇಬರು ವರ್ಗಾವಣೆಯ ಕಡತ ಎತ್ತಿಕೊಂಡು ಬಂದರು. "ನಿಮ್ಮ ಪ್ರಮಾಣಪತ್ರ ಎಲ್ರೀ?"

"ಅದೂ ಹೋಯ್ತು ಸರ್."

ಸಾಹೇಬರು ಗಡಿಯಾರ ನೋಡಿದರು. ಕೆಟ್ಟವರಲ್ಲ ಅವರು. "ಒಂದು ತಾನೇ? ಟೈಪ್ ಮಾಡಿ ತೆಗೀರಿ. ಕಾಲು ಗಂಟೆ ಇದೆ, ಕಾಯ್ತೀನಿ. ಇಲ್ಲಿಂದ ನೀವು ಹೋಗೋದು ನಮಗೆಲ್ಲ ಒಳ್ಳೇದೇ."

ಹೆಡ್ ಕ್ಲರ್ಕ್ ನಾಲ್ಕು ತಿಂಗಳ ನಮೂನೆಗಳ ಕಟ್ಟನ್ನು ಎತ್ತಿ ತಂದಿಟ್ಟರು. ದಿನಾಂಕದ ಪ್ರಕಾರ ಜೋಡಿಸಿದ ಕಟ್ಟು. ಹುಡುಕಬೇಕಾಗಲಿಲ್ಲ. ಕೊನೆಯ ನಕಲು ತೆಗೆದದ್ದು ಆ ಸಂಜೆ, ಅವಳು ಹೋದದ್ದು ಆ ರಾತ್ರಿ. ಎಲ್ಲಕ್ಕಿಂತ ಮೇಲಿದ್ದದ್ದು ಅವಳದೇ.

ಹೆಸರು ಬರೆದ. ವಯಸ್ಸು ಬರೆದ. ಗಂಡನ ಹೆಸರು ಬರೆದ. ಈ ಸಲ ತಪ್ಪಲಿಲ್ಲ. ದಿನಾಂಕ, ಗಂಟೆ, ಕಾರಣ. ಯಂತ್ರ ಕೇಳಿತು: ಈ ಹೆಸರಿನವರು ಬದುಕಿದ್ದಾರೆಂದು ದಾಖಲೆಯಲ್ಲಿದೆ. ಮೃತರೆಂದು ಬರೆಯಲೇ?

ಶನಿವಾರವೂ ಇದನ್ನೇ ಕೇಳಿತ್ತು. ಆಗ ಕಣ್ಣು ಮುಚ್ಚಿ ಒತ್ತಿದ್ದ. ಇಂದು ಬೆಳಿಗ್ಗೆಯಿಂದ ಓದದೆ ಒತ್ತಿ ಒತ್ತಿ ಕಲಿತ ಪಾಠವಿತ್ತು, ಪ್ರಶ್ನೆಯನ್ನು ಓದಬೇಕೆಂದು. ಓದಿದ. ಇನ್ನೊಮ್ಮೆ ಓದಿದ. ಬೆರಳು ವೈ ಮೇಲೆ ಇತ್ತು. ಇಡೀ ದಿನ ಹೌದು ಎಂದ ಬೆರಳು.

"ಏನಂತೆ?" ಎಂದರು ಹೆಡ್ ಕ್ಲರ್ಕ್.

ಗೋಡೆ ಗಡಿಯಾರದಲ್ಲಿ ಐದು ಹತ್ತು, ಐದು ಹನ್ನೊಂದು. ಸಾಹೇಬರು ಬಾಗಿಲ ಬಳಿ ನಿಂತು ಕಡತದಿಂದ ಮೊಣಕಾಲಿಗೆ ಬಡಿದುಕೊಂಡರು. ಅದರಿಂದ ಒಂದು ಹಾಳೆ ಜಾರಿ ನೆಲಕ್ಕೆ ಬಿತ್ತು. 'ಈ ಪ್ಲಗ್ ಕೀಳಬಾರದು' ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಸಹಿಯ ಜಾಗ ಖಾಲಿ ಇತ್ತು.

ಕೆಟಲ್ ಅಕ್ಕ ಬಹಳ ಹೊತ್ತಿನಿಂದ ಅವನ ಬೆನ್ನನ್ನೇ ನೋಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವರಿಗೆ ತಿಳಿದಿದ್ದ ಸಮಾಧಾನ ಒಂದೇ.

"ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಹಾಕಿಲ್ಲ ಪಾಪ," ಎಂದುಕೊಂಡು ಕೆಟಲ್ಲಿಗೆ ನೀರು ತುಂಬಿ, ಬೋರ್ಡಿನ ಬಳಿ ಹೋಗಿ, ಕೈಗೆ ಸಿಕ್ಕ ಪ್ಲಗ್ಗನ್ನು ಕಿತ್ತರು.

ಪ್ರಶ್ನೆ ಒಮ್ಮೆ ಮಿನುಗಿ ಆರಿತು.

ಸಾಹೇಬರು ಕಪ್ಪು ತೆರೆಯನ್ನು ನೋಡಿದರು, ಗಡಿಯಾರ ನೋಡಿದರು, ಆಪರೇಟರನ ಅರ್ಜಿಯನ್ನು ಕಡತದಿಂದ ಮೆಲ್ಲಗೆ ತೆಗೆದು ಅವನ ಮೇಜಿನ ಮೇಲಿಟ್ಟು ಹೊರಟುಹೋದರು. ಹೆಡ್ ಕ್ಲರ್ಕ್ ಅವರ ಹಿಂದೆಯೇ ಹೋದರು. ನಕಲಿನ ಪುಸ್ತಕದಲ್ಲಿ ಅಂದಿನ ಸಹಿ ಇನ್ನೂ ಬಾಕಿ ಇತ್ತು.

"ಅಯ್ಯೋ. ಹೋಯ್ತಾ?" ಎಂದರು ಕೆಟಲ್ ಅಕ್ಕ.

"ಹೋಯ್ತು," ಎಂದ ಆಪರೇಟರ್.

"ಮತ್ತೆ ಹಾಕಿದ್ರೆ ಬರುತ್ತೆ ಬಿಡು."

ಅವನು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ನೀರು ಸದ್ದು ಮಾಡತೊಡಗಿತ್ತು. ಮೇಲಿನ ನಮೂನೆಯನ್ನು ಎತ್ತಿ, ಮೂಲೆ ಮಡಚದ ಹಾಗೆ ನೋಡಿಕೊಂಡು, ಮೇಜಿನ ಖಾನೆಗೆ ಸೇರಿಸಿದ.

"ಸಕ್ಕರೆ ಸ್ವಲ್ಪ ಜಾಸ್ತಿ ಇರಲಿ ಅಕ್ಕಾ," ಎಂದ.